ಅಳತೆಮನೆಯ ಮೋಡೆಮ್

ಮೇ ೩, ಸೋಮವಾರ

ಸಂಜೆ ಏಳು ಗಂಟೆ. ಬೆಳಿಗ್ಗೆ ಆರಕ್ಕೆ ಅಳತೆಗೋಲಿನಲ್ಲಿ ನದಿಯ ನೀರು ಎಂಬತ್ತಾರು ಸೆಂಟಿಮೀಟರ್, ಮಧ್ಯಾಹ್ನವೂ ಅಷ್ಟೇ, ಸಂಜೆ ಎಂಬತ್ತೈದು. ಮೂರು ಸಲವೂ ಅರವತ್ತೆರಡು ಮೆಟ್ಟಿಲು ಇಳಿದು ಹತ್ತಿದ್ದಾಯಿತು. ಅಡುಗೆ ತಳ ಹಿಡಿಯಿತು. ಮೇಲಿನದನ್ನು ತಿಂದೆ.

ಅಳತೆಯ ಪುಸ್ತಕದಲ್ಲಿ ಅಂಕಿ ಬಿಟ್ಟು ಬೇರೇನೂ ಬರೆಯುವಂತಿಲ್ಲ. ಹೋದ ವರ್ಷದ ಪುಸ್ತಕದಲ್ಲಿ ಹಾಳೆಗಳು ಉಳಿದಿವೆ, ಅವುಗಳಲ್ಲಿ ಇದನ್ನು ಬರೆಯುತ್ತಿದ್ದೇನೆ. ಮಾತಾಡಲು ಯಾರೂ ಇಲ್ಲದಾಗ ಬರೆಯಿರಿ ಭಾವ, ಎದೆ ಹಗುರಾಗುತ್ತದೆ ಎಂದು ನಾದಿನಿ ಹೇಳಿಹೋಗಿದ್ದಳು. ಅವಳ ಅಕ್ಕ, ಅಂದರೆ ನನ್ನ ಹೆಂಡತಿ, ಹೋಗಿ ಇವತ್ತಿಗೆ ಇಪ್ಪತ್ತೆರಡು ದಿನ.

ಹನ್ನೊಂದಕ್ಕೆ ಮುಖ್ಯ ಕಚೇರಿಯಿಂದ ಫೋನ್ ಬಂತು. ಕಂಪ್ಯೂಟರ್ ವಿಭಾಗದ ಮೇಡಂ. ನದಿಯ ಅಳತೆ ಠಾಣೆಗಳೆಲ್ಲ ದಿನವೂ ಅಂಕಿಗಳನ್ನು ಕಂಪ್ಯೂಟರಿನಲ್ಲಿ ಹಾಕಿ ಫೋನ್ ತಂತಿಯ ಮೇಲೆ ಅವರಿಗೆ ಕಳಿಸಬೇಕು. ನಮ್ಮಿಂದ ಇಪ್ಪತ್ತೆರಡು ದಿನ ಬರೀ ಅಂಚೆ ಕಾರ್ಡು ಹೋಗಿದೆ.

"ಯಜಮಾನ್ರೇ, ಮೇಲಿಂದ ಆದೇಶ ಬಂದಿದೆ. ಮೂವತ್ತೊಂದರೊಳಗೆ ಯಾವ ಠಾಣೆಯ ಕಂಪ್ಯೂಟರ್ ಕೆಲಸ ಮಾಡಲ್ವೋ ಅದನ್ನ ಮುಚ್ಚಿ ಕೆಳಗಿನ ಠಾಣೆಗೆ ಸೇರಿಸ್ತಾರಂತೆ."

ಮುಚ್ಚಿದರೆ ಮನೆ ಬಿಡಬೇಕು. ಈ ಎರಡು ಕೋಣೆ ಕಚೇರಿಯದು. ಹದಿನೇಳು ವರ್ಷ ಇಬ್ಬರೂ ಇಲ್ಲೇ ಇದ್ದೆವು.

"ಮೋಡೆಮ್ ಕೆಟ್ಟಿದೆಯಾ? ಅಕ್ಕಂಗೆ ಕೊಡಿ ಫೋನು, ಎರಡು ನಿಮಿಷದಲ್ಲಿ ಸರಿ ಮಾಡ್ತಾರೆ."

ಎರಡು ವರ್ಷದ ಹಿಂದೆ ಕಂಪ್ಯೂಟರ್ ಬಂದಾಗ ಎರಡು ದಿನ ತರಬೇತಿಗೆ ಹೋಗಿದ್ದವನು ನಾನು. ಒಂದು ಸರ್ಟಿಫಿಕೇಟು, ಒಂದು ತಲೆನೋವು ತಂದೆ. ಜೊತೆಗೆ ಕೊಟ್ಟ ಪುಸ್ತಕವನ್ನು ಓದಿ ಕಲಿತವಳು ಅವಳು. ಅಂದಿನಿಂದ ನಾನು ಅಳೆಯುವುದು, ಅವಳು ಕಳಿಸುವುದು. ಕಚೇರಿಯಲ್ಲಿ ಈ ಮೇಡಂ ಒಬ್ಬರಿಗೆ ಗೊತ್ತು, ಅವರು ಯಾರಿಗೂ ಹೇಳಿಲ್ಲ. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದವರಲ್ಲ, ಆದರೆ ಫೋನಿನಲ್ಲಿ ಅಕ್ಕತಂಗಿಯರು.

ಹೇಳಬೇಕಿತ್ತು. ಬಾಯಿ ತೆರೆದಾಗ ಬಂದದ್ದು ಬೇರೆ.

"ಊರಲ್ಲಿಲ್ಲ ಮೇಡಂ. ತಂಗಿ ಮನೆಗೆ ಹೋಗಿದಾಳೆ."

"ಓ, ಅದಕ್ಕೇನಾ! ಅಲ್ಲ, ನನಗೊಂದು ಮಾತು ಹೇಳಬಾರದಿತ್ತಾ ಅವರು? ಇರಲಿ. ಅವರು ಬರೋವರೆಗೂ ನಾವೇ ಮಾಡೋಣ. ಅಲ್ಲೀತನಕ ದಿನಾ ಹನ್ನೊಂದಕ್ಕೆ ಫೋನ್ ಮಾಡ್ತೀನಿ, ಅಂಕಿ ಬಾಯಲ್ಲೇ ಹೇಳಿ."

ನಾಳೆ ಕಂಪ್ಯೂಟರ್ ಜೋಡಿಸಬೇಕು.

ಮೇ ೪, ಮಂಗಳವಾರ

ನೀರು ಎಂಬತ್ತೈದು. ಅವಳು ಹೋದ ದಿನ ಬಂದವರು ಕೂರಲು ಜಾಗ ಬೇಕೆಂದು ಮೇಜನ್ನು ಹೊರಗಿಟ್ಟಿದ್ದರು. ಕಂಪ್ಯೂಟರನ್ನು ಬಿಚ್ಚಿ ಹಾಸಿಗೆಯ ಮೂಲೆಗೆ ಸರಿಸಿ, ತಂತಿಗಳನ್ನೆಲ್ಲ ನಾದಿನಿ ಒಂದು ದಿಂಬಿನ ಚೀಲದಲ್ಲಿ ತುಂಬಿದ್ದಳು. ಇವತ್ತು ಚೀಲ ಬಗ್ಗಿಸಿದೆ. ಏಳು ತಂತಿಗಳು, ಒಂದಕ್ಕೊಂದು ಸುತ್ತಿಕೊಂಡು. ಬಿಡಿಸಲು ಒಂದು ಗಂಟೆ ಹಿಡಿಯಿತು. ಯಾವುದು ಎಲ್ಲಿಗೆ ಎಂದು ಅವಳಿಗೆ ಕಣ್ಣು ಮುಚ್ಚಿಯೂ ಗೊತ್ತಿತ್ತು.

ಮೋಡೆಮ್ ಅಂದರೆ ಕಪ್ಪು ಡಬ್ಬಿ, ಎರಡು ಸೋಪು ಒತ್ತಿ ಇಟ್ಟಷ್ಟು ದೊಡ್ಡದು. ಮುಂದೆ ಎಂಟು ದೀಪ, ಒಂದೊಂದರ ಕೆಳಗೂ ಎರಡೆರಡು ಇಂಗ್ಲಿಷ್ ಅಕ್ಷರ. ಕಂಪ್ಯೂಟರಿನ ಮಾತನ್ನು ಫೋನಿಗೆ ತಿಳಿಯುವಂತೆ ಮಾಡುವುದು ಇದೇ. ಇವತ್ತು ಒಂದು ದೀಪವೂ ಹತ್ತಲಿಲ್ಲ.

ಮೇಡಂ ಫೋನಿನಲ್ಲಿ ನಕ್ಕರು. "ಹಿಂದೆ ಒಂದು ಸಣ್ಣ ಗುಂಡಿ ಇದೆ ನೋಡಿ. ಒತ್ತಿದ್ರಾ?"

ಒತ್ತಿರಲಿಲ್ಲ. ಒತ್ತಿದೆ, ಎರಡು ದೀಪ ಹತ್ತಿದವು.

"ಇಷ್ಟೇ! ಮೊದಲನೇ ಸಲ ಅಕ್ಕನೂ ಇದನ್ನೇ ಮರೆತಿದ್ರು, ಗೊತ್ತಾ?"

ಗೊತ್ತಿರಲಿಲ್ಲ.

ಮೇ ೬, ಗುರುವಾರ

ಎಂಬತ್ತಮೂರು. ಕಂಪ್ಯೂಟರಿನ ಪರದೆ ಹೇಳುತ್ತದೆ, ಮೋಡೆಮ್ ಸಿಗುತ್ತಿಲ್ಲವೆಂದು. ಒಂದು ಗೇಣು ದೂರದಲ್ಲಿ ಕೂತಿದೆ, ಸಿಗುತ್ತಿಲ್ಲವಂತೆ.

ಮೇ ೮, ಶನಿವಾರ

ಕಷ್ಟ ಏನೆಂದರೆ ಮನೆಗಿರುವುದು ಒಂದೇ ತಂತಿ. ಮೇಡಂ ಫೋನಿನಲ್ಲಿ ಇರುವಾಗ ಮೋಡೆಮ್ಮಿಗೆ ದಾರಿಯಿಲ್ಲ. ಹಾಗಾಗಿ ಅವರು ಹೇಳುವುದು, ನಾನು ಬರೆದುಕೊಳ್ಳುವುದು, ಫೋನಿಟ್ಟು ಮಾಡಿ ನೋಡುವುದು. ಹತ್ತು ನಿಮಿಷ ಬಿಟ್ಟು ಅವರು ಮತ್ತೆ ಮಾಡುತ್ತಾರೆ. ಇವತ್ತು ಹೀಗೆ ನಾಲ್ಕು ಸಲ ಆಯಿತು. ಫೋನ್ ಇಷ್ಟು ಸಲ ಹೊಡೆದುಕೊಂಡದ್ದು ಇತ್ತೀಚೆಗೆ ನೆನಪಿಲ್ಲ.

ಕಂಪ್ಯೂಟರಿನ ಬೆನ್ನಿಗೆ ಒಂದೇ ಥರದ ಎರಡು ಬಾಯಿ ಇವೆ. ಮೌಸಿನದು ಒಂದಕ್ಕೆ, ಮೋಡೆಮ್ಮಿನದು ಇನ್ನೊಂದಕ್ಕೆ. ಅದಲುಬದಲು ಮಾಡಿ ನೋಡಿ ಎಂದರು. ಮಾಡಿದೆ. ಮೌಸೂ ಸತ್ತಿತು. ಮತ್ತೆ ಮೊದಲಿನಂತೆ ಮಾಡಿದೆ.

"ಅಕ್ಕ ಏನ್ಮಾಡ್ತಿದಾರಂತೆ ಅಲ್ಲಿ?"

"ಬೆಡ್‌ಶೀಟಿಗೆ ಅಂಚು ಹೊಲೀತಿದಾಳಂತೆ, ಕಾಗದ ಬಂದಿತ್ತು."

"ಅಲ್ಲಿಗೆ ಹೋದ್ರೂ ಸುಮ್ನೆ ಕೂರಲ್ಲ ನೋಡಿ!"

ಹೌದು, ಸುಮ್ಮನೆ ಕೂರುವವಳಲ್ಲ. ನೀಲಿ ದಾರವಂತೆ ಎಂದೂ ಹೇಳಿದೆ. ಆಮೇಲೆ ಫೋನಿಟ್ಟು ಬಹಳ ಹೊತ್ತು ಹಾಗೇ ಕೂತಿದ್ದೆ. ಬೇಸರವೇನೂ ಆಗಿರಲಿಲ್ಲ. ಮಧ್ಯಾಹ್ನ ಅಡುಗೆ ತಳ ಹಿಡಿಯಲಿಲ್ಲ.

ನಾಳೆ ಭಾನುವಾರ, ಕಚೇರಿಗೆ ರಜೆ.

ಮೇ ೯, ಭಾನುವಾರ

ಎಂಬತ್ತೆರಡು.

ಮೇ ೧೧, ಮಂಗಳವಾರ

ಒಂದು ತಿಂಗಳು. ಎಂಬತ್ತೆರಡು, ಎಂಬತ್ತೆರಡು, ಎಂಬತ್ತೊಂದು. ಮೇಡಂ ಫೋನ್ ಮಾಡಿದರು, ಅಂಕಿ ಹೇಳಿದೆ. ತಲೆ ನೋಯುತ್ತಿದೆ ಎಂದೆ. ಮೋಡೆಮ್ ಮುಟ್ಟಲಿಲ್ಲ.

ಮೇ ೧೩, ಗುರುವಾರ

ತಪ್ಪು ಸಿಕ್ಕಿತು. ನಿನ್ನೆ ಮೇಡಂ, ಮೋಡೆಮ್ಮಿಗೆ ಹೋಗುವ ಅಗಲದ ಪ್ಲಗ್ಗನ್ನು ಬಿಚ್ಚಿ ಅದರೊಳಗಿನ ಲೋಹದ ಸೂಜಿಗಳನ್ನು ಎಣಿಸಿ ಎಂದಿದ್ದರು. ಮೇಲಿನ ಸಾಲಿನಲ್ಲಿ ಹದಿಮೂರು, ಕೆಳಗಿನ ಸಾಲಿನಲ್ಲಿ ಹನ್ನೆರಡು. ಬೆಳಿಗ್ಗೆ ಅಳತೆ ಮುಗಿಸಿ ಬಂದು ಕಿಟಕಿಯ ಬೆಳಕಿಗೆ ಹಿಡಿದೆ. ಮೇಲಿನ ಸಾಲಿನ ಎರಡನೆಯದು ಗೋಡೆಗೆ ಒರಗಿದವರ ಹಾಗೆ ಮಲಗಿತ್ತು. ಮೊದಲ ದಿನ ಪ್ಲಗ್ಗನ್ನು ತಲೆಕೆಳಗಾಗಿ ಹಿಡಿದು ತುರುಕಿದವನು ನಾನೇ.

ಅವಳ ಹೊಲಿಗೆ ಡಬ್ಬಿಯಿಂದ ದಪ್ಪ ಸೂಜಿ ತೆಗೆದು ನಿಧಾನವಾಗಿ ಎತ್ತಿದೆ. ಮುರಿದರೆ ಹೊಸ ತಂತಿ ಬರುವುದಕ್ಕೆ ತಿಂಗಳು ಬೇಕು. ಉಸಿರು ಬಿಗಿಹಿಡಿದೇ ಮಾಡಿದೆ. ನೆಟ್ಟಗಾಯಿತು. ಪ್ಲಗ್ ಹಾಕಿ, ಎರಡು ಕಡೆಯ ತಿರುಪು ಬಿಗಿದು, ಪರೀಕ್ಷೆಯ ಗುಂಡಿ ಒತ್ತಿದೆ. ದೀಪಗಳು ಪಿಳಿಪಿಳಿ ಅಂದವು. ಪರದೆ ಹೇಳಿತು, ಮೋಡೆಮ್ ಸಿಕ್ಕಿದೆ.

ಆಗ ಹತ್ತು ಗಂಟೆ. ಹನ್ನೊಂದಕ್ಕೆ ಫೋನ್ ಬಂತು.

"ಸೂಜಿ ನೋಡಿದ್ರಾ?"

"ನೋಡ್ತಾ ಇದೀನಿ ಮೇಡಂ. ಕಣ್ಣು ಸರಿಯಾಗಿ ಕಾಣಲ್ಲ."

ಯಾಕೆ ಹಾಗಂದೆನೋ.

"ನಿಧಾನಕ್ಕೆ ನೋಡಿ. ಅಕ್ಕ ಹೇಗಿದಾರೆ?"

"ಹಲ್ಲುನೋವಂತೆ."

"ಅಯ್ಯೋ ಪಾಪ, ಒಂದು ಲವಂಗ ಇಟ್ಕೊಳ್ಳಕ್ಕೆ ಹೇಳಿ."

"ಹೇಳ್ತೀನಿ."

ಮೇ ೧೫, ಶನಿವಾರ

ನಾದಿನಿ ಬೆಳಗಿನ ಬಸ್ಸಿಗೆ ಬಂದಳು. ಬಂದವಳೇ ಕಸ ಗುಡಿಸಿ, ಪಾತ್ರೆ ಬೆಳಗಿ, ಅವಳ ಅಕ್ಕನ ಬಟ್ಟೆಗಳನ್ನು ಮಡಿಸಿ ಎರಡು ಗುಡ್ಡೆ ಮಾಡಿದಳು, ಇಟ್ಟುಕೊಳ್ಳುವುದು, ಕೊಡುವುದು. ಅವಳ ದನಿ ಅಕ್ಕನದೇ. ಒಳಗಿನಿಂದ ಕೂಗಿದರೆ ಕತ್ತು ತಾನೇ ತಿರುಗುತ್ತದೆ.

ಹನ್ನೊಂದು ಗಂಟೆ ನನಗೆ ಮರೆತೇಹೋಗಿತ್ತು. ನಾನು ಹಿತ್ತಲಲ್ಲಿದ್ದೆ. ಫೋನ್ ಹೊಡೆದುಕೊಂಡಿತು, ನಾನು ಓಡಿಬರುವಷ್ಟರಲ್ಲಿ ಅವಳು ಎತ್ತಿಯಾಗಿತ್ತು.

"ಹಲೋ... ಯಾರು ಬೇಕು? ... ಯಾವ ಅಕ್ಕ? ... ಯಾವಾಗ ಬಂದ್ರಿ ಅಂದ್ರೆ, ಈಗ ಬೆಳಿಗ್ಗೆ ಬಸ್ಸಿಗೆ..."

ಕೈಯಿಂದ ಫೋನ್ ಕಿತ್ತುಕೊಂಡೆ. ಆ ಕಡೆ ಮೇಡಂ ಸಂತೋಷದಲ್ಲಿ ಕಿರುಚುತ್ತಿದ್ದರು.

"ಬಂದುಬಿಟ್ರಾ ಅಕ್ಕ! ಒಂದು ತಿಂಗಳಾಯ್ತಲ್ಲ ನಿಮ್ಮ ದನಿ ಕೇಳಿ!"

"ಮೇಡಂ, ಅದು ಅವಳ ತಂಗಿ. ಬಟ್ಟೆ... ಬಟ್ಟೆ ತಗೊಂಡು ಹೋಗೋಕೆ ಬಂದಿದಾಳೆ. ಅವಳಿನ್ನೂ ಅಲ್ಲೇ ಇದಾಳೆ."

ಅಂಕಿ ಹೇಳಿ ಇಟ್ಟುಬಿಟ್ಟೆ. ತಿರುಗಿದರೆ ನಾದಿನಿ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಳು.

"ಭಾವ, ಅವಳೆಲ್ಲಿದಾಳೆ?"

ನಾನು ಫೋನಿನ ತಂತಿ ಸರಿಮಾಡುತ್ತಾ ನಿಂತೆ.

"ನನ್ನ ಮನೇಲಿದಾಳಾ? ಹಾಗಾದ್ರೆ ನಾನ್ಯಾಕೆ ದಿನಾ ಒಬ್ಬಳೇ ಅಳ್ತಾ ಕೂತ್ಕೊಳ್ಲಿ? ಹೇಳಿ, ಹೋಗಿ ಮಾತಾಡ್ಸ್ತೀನಿ."

"ಬಾಯಿ ತಪ್ಪಿ ಬಂತು."

"ಬಾಯಿ ತಪ್ಪೋದು ಒಂದು ಸಲ. ನನ್ನ ಜೊತೆ ಅವಳಿಗೆ ಬಟ್ಟೆ ಕಳಿಸ್ತಿದೀನಿ ಅನ್ನೋದೂ ಬಾಯಿ ತಪ್ಪಿದ್ದಾ? ಮನೆಗೆ ಸೇರಿದ ವಿಷ್ಯ ಅಂತ ಬಿಡ್ತೀನಿ, ಇಲ್ಲಾಂದ್ರೆ ಆ ಹುಡುಗಿಗೆ ನಾನೇ ಹೇಳಿಬಿಡ್ತಿದ್ದೆ. ನೀವೇ ಹೇಳಿ. ನನ್ನ ಅಕ್ಕನ ಸಾವನ್ನ ಮುಚ್ಚಿಟ್ಟು ಮಾತಾಡೋ ಹಕ್ಕು ನಿಮಗೆ ಯಾರು ಕೊಟ್ರು?"

ಸಂಜೆಯ ಬಸ್ಸಿಗೆ ಹೋದಳು. ಬಟ್ಟೆಯ ಎರಡೂ ಗುಡ್ಡೆಗಳನ್ನು ಇಲ್ಲೇ ಬಿಟ್ಟು ಹೋಗಿದ್ದಾಳೆ.

ಮೇ ೧೮, ಮಂಗಳವಾರ

ಸೂಜಿ ನೆಟ್ಟಗಾದದ್ದನ್ನು ನಿನ್ನೆ ಹೇಳಿಬಿಟ್ಟೆ. ಮೇಡಂ ಚಪ್ಪಾಳೆ ಹೊಡೆದರು, ಫೋನಿನಲ್ಲಿ ಕೇಳಿಸಿತು. ಕಚೇರಿಗೆ ಫೋನ್ ಮಾಡಲು ಕಂಪ್ಯೂಟರಿನೊಳಗೆ ಇರುವ ಹಳೆಯ ಜೋಡಣೆಯಲ್ಲಿ ಏನೋ ಗೋಜಲಾಗಿದೆ, ಅದನ್ನು ಅಳಿಸಿ ಹೊಸದು ಮಾಡೋಣ ಎಂದರು. ಅವರು ಹೇಳಿದ ಹಾಗೆ ಗುಂಡಿ ಒತ್ತಿದೆ, ಅಳಿಸಿತು. ಹೊಸದರಲ್ಲಿ ಕಚೇರಿಯ ನಂಬರ್ ಹಾಕಿದೆ.

ಮೋಡೆಮ್ ಪೀ ಪೀ ಎಂದು ನಂಬರ್ ಒತ್ತಿತು. ಆಮೇಲೆ ಗಪ್‌ಚುಪ್. ಹತ್ತು ನಿಮಿಷಕ್ಕೆ ಮೇಡಂ ಮತ್ತೆ ಫೋನ್ ಮಾಡಿದರು.

"ಯಜಮಾನ್ರೇ, ನಿಮ್ಮದು ಬೆರಳು ಹಾಕಿ ತಿರುಗಿಸೋ ಫೋನ್ ಅಲ್ವಾ? ತಿರುಗಿಸಿದಾಗ ಏನಂತ ಸದ್ದು ಬರುತ್ತೆ?"

"ಟಕಟಕಟಕ ಅಂತ."

"ಹಾಂ! ನಿಮ್ಮ ಕಡೆ ಎಕ್ಸ್‌ಚೇಂಜಿಗೆ ಟಕಟಕ ಒಂದೇ ಗೊತ್ತು. ಈ ಪೀ ಪೀ ಅದರ ಕಿವಿಗೆ ಬೀಳಲ್ಲ. ಅಕ್ಕ ಅದನ್ನ ಟಕಟಕಕ್ಕೆ ಬದಲಾಯಿಸಿದ್ರು, ನಾವು ಅಳಿಸಿಬಿಟ್ವಿ. ಎಲ್ಲಿ ಬದಲಾಯಿಸೋದು ಅಂತ ಹೇಳ್ತೀನಿ, ಬರ್ಕೊಳ್ಳಿ."

ಬದಲಾಯಿಸಿದೆ. ಫೋನಿಟ್ಟು ಒತ್ತಿದೆ. ಡಬ್ಬಿಯೊಳಗೆ ಮರಕುಟಿಗ ಕೂತ ಹಾಗೆ ಟಕಟಕ. ಆ ಕಡೆ ಗಂಟೆ. ಆಮೇಲೆ ಆ ಕಿರುಚಾಟ, ತಗಡಿನ ಮೇಲೆ ಮೊಳೆ ಎಳೆದ ಹಾಗೆ. ಎರಡು ವರ್ಷ ದಿನವೂ ಸಂಜೆ ಆರೂವರೆಗೆ ಈ ಸದ್ದು ಕೇಳಿದ್ದೇನೆ. 'ಅಯ್ಯೋ, ಅದರ ಬಾಯಿ ಮುಚ್ಚಿಸೇ' ಎಂದು ಅಡುಗೆಮನೆಯಿಂದ ಕೂಗುತ್ತಿದ್ದೆ.

ಈಗ ಕಣ್ಣು ಮುಚ್ಚಿ ಕೊನೆಯವರೆಗೂ ಕೇಳಿದೆ. ಸಿ ಡಿ ಎಂದು ಬರೆದ ದೀಪ ಹತ್ತಿತು. ಹತ್ತಿದರೆ ಆ ಕಡೆಯವರು ಸಿಕ್ಕಿದರು ಎಂದು ಅರ್ಥ. ಸ್ವಲ್ಪ ಹೊತ್ತಿಗೆ ಆರಿತು.

ಮೇ ೨೧, ಶುಕ್ರವಾರ

ಮೂರು ದಿನದಿಂದ ಇದೇ ಪಾಡು. ಕಿರುಚುತ್ತದೆ, ದೀಪ ಹತ್ತುತ್ತದೆ, ಅರ್ಧ ನಿಮಿಷಕ್ಕೆ ಆರುತ್ತದೆ. ತಂತಿಯಲ್ಲಿ ನೀರು ಸೇರಿರಬಹುದು ಎಂದು ಮೇಡಂ ಹೇಳಿ ಲೈನ್‌ಮನ್ ಬಂದು ಕಂಬ ಹತ್ತಿ ನೋಡಿ ಹೋದ. ತಂತಿ ಚೆನ್ನಾಗಿದೆಯಂತೆ.

ದೋಣಿಯವನು ನೋಡಲು ಬಂದಿದ್ದ. ಅವನು ಈ ದಡದಿಂದ ಆ ದಡಕ್ಕೆ ಜನ ದಾಟಿಸುತ್ತಾನೆ. ಜನ ಇಲ್ಲದಾಗ ನನ್ನ ಮೆಟ್ಟಿಲ ಮೇಲೆ ಕೂತು ಬೀಡಿ ಸೇದುತ್ತಾನೆ.

"ಅಳತೆಯವ್ರೇ, ಇದೇನಾ ಅದು? ನಾನೇನೋ ದೊಡ್ಡ ಯಂತ್ರ ಅಂದ್ಕೊಂಡಿದ್ದೆ. ನಮ್ಮತ್ತೆ ಎಲೆಅಡಿಕೆ ಡಬ್ಬಿ ಇದಕ್ಕಿಂತ ದೊಡ್ಡದಿತ್ತು."

"ಮುಟ್ಟಬೇಡ."

"ಮುಟ್ಟಲ್ಲ ಬಿಡಿ. ಎಲ್ಲಿ, ಒಂದ್ಸಲ ಕಿರುಚಿಸಿ ನೋಡೋಣ."

ಕಿರುಚಿಸಿದೆ. ದೀಪ ಹತ್ತಿತು. ನಾನು ಫೋನ್ ಎತ್ತಿ ಹಲೋ ಅಂದೆ. ದೀಪ ಆರಿತು.

ದೋಣಿಯವನು ನನ್ನನ್ನೇ ನೋಡುತ್ತಿದ್ದ. "ಯಾರಿಗೆ ಹಲೋ ಅಂದ್ರಿ?"

"ಆ ಕಡೆಯವ್ರಿಗೆ. ಅವರು ಎತ್ತಿದ ಮೇಲೆ ನಾವು ಮಾತಾಡದೆ ಇದ್ರೆ ಮರ್ಯಾದೆಯಾ?"

"ಏನಂದ್ರು?"

"ಏನೂ ಅನ್ನಲ್ಲ. ಬರೀ ಗರಗರ ಅನ್ನುತ್ತೆ, ಆಮೇಲೆ ಅದೂ ಇಲ್ಲ."

ಅವನು ಬಿದ್ದು ಬಿದ್ದು ನಕ್ಕ. "ಇಬ್ಬರು ಮಾತಾಡೋವಾಗ ಮಧ್ಯ ಬಾಯಿ ಹಾಕಿದ್ರೆ ನಾನಾದ್ರೂ ಎದ್ದು ಹೋಗ್ತೀನಪ್ಪ!"

ನಾಳೆ ಮೇಡಂ ಹತ್ತಿರ ಕೇಳಬೇಕು, ಅದೇ ಕಾರಣವಿರಬಹುದೇ ಎಂದು.

ಮೇ ೨೨, ಶನಿವಾರ

ಅದೇ ಕಾರಣ. ಮೇಡಂಗೆ ನಕ್ಕು ನಕ್ಕು ಕೆಮ್ಮು ಬಂತು. "ಪ್ರತೀ ಸಲ ಎತ್ತಿ ಹಲೋ ಅಂತಿದ್ರಾ? ಪ್ರತೀ ಸಲ?" ಎಂದು ಮೂರು ಸಲ ಕೇಳಿದರು. ಅಕ್ಕ ಬಂದ ಕೂಡಲೇ ಮೊದಲು ಇದನ್ನೇ ಹೇಳುತ್ತೇನೆ ಎಂದರು.

ಆಮೇಲೆ ಬೇರೆ ದನಿಯಲ್ಲಿ ಕೇಳಿದರು.

"ಯಜಮಾನ್ರೇ, ಒಂದು ಮಾತು ಕೇಳ್ಲಾ? ಅಕ್ಕಂಗೆ ನನ್ನ ಮೇಲೆ ಕೋಪ ಏನಾದ್ರೂ?"

"ಯಾಕೆ ಮೇಡಂ?"

"ಇಷ್ಟು ದಿನ ಆಯ್ತು, ಒಂದು ಕಾರ್ಡೂ ಇಲ್ಲ. ಅಲ್ಲಿ ಫೋನಿಲ್ಲ ಸರಿ, ನಿಮಗೆ ಬರೆಯೋ ಹಾಗೆ ನನಗೂ ಬರೀಬಹುದಿತ್ತಲ್ಲ. ಹೋಗೋ ಹಿಂದಿನ ವಾರ ನಾನು ಕೆಲಸದ ಗಡಿಬಿಡೀಲಿ 'ಆಮೇಲೆ ಮಾತಾಡ್ತೀನಿ ಇಡಿ ಅಕ್ಕ' ಅಂತ ಸ್ವಲ್ಪ ಒರಟಾಗಿ ಅಂದ್ಬಿಟ್ಟಿದ್ದೆ. ಅದನ್ನೇ ಮನಸಲ್ಲಿ ಇಟ್ಕೊಂಡ್ರೇನೋ ಅಂತ. ಮೂರ್ನಾಕು ದಿನದಿಂದ ಅದೇ ಕೊರೀತಾ ಇದೆ."

"ಇಲ್ಲ ಮೇಡಂ. ಅವಳು ಅಂಥವಳಲ್ಲ."

"ನೀವು ಹೇಳ್ತೀರ. ಅವರು ಹೇಳ್ಬೇಕಲ್ಲ."

ಎಪ್ಪತ್ತೊಂಬತ್ತು. ಊಟ ಸೇರಲಿಲ್ಲ.

ಮೇ ೨೫, ಮಂಗಳವಾರ

ಇವತ್ತು ಫೋನನ್ನು ಎತ್ತದೆ ಎರಡೂ ಕೈ ತೊಡೆಯ ಕೆಳಗೆ ಇಟ್ಟುಕೊಂಡು ಕೂತೆ. ದೀಪ ಆರಲಿಲ್ಲ. ಪರದೆಯ ಮೇಲೆ ಕಚೇರಿಯ ಹೆಸರು ಬಂತು. ಠಾಣೆಯ ಹೆಸರು ಕೇಳಿತು, ಹಾಕಿದೆ. ಕೆಳಗೆ ಗುಟ್ಟಿನ ಪದ ಕೇಳಿತು.

ಅದು ನನಗೆ ಗೊತ್ತಿಲ್ಲ.

"ಹಳೇ ಜೋಡಣೇಲಿ ಅದು ತಾನೇ ಹೋಗ್ತಿತ್ತು," ಎಂದರು ಮೇಡಂ. "ಹೊಸದರಲ್ಲಿ ನಾವು ಹಾಕ್ಬೇಕು. ಅಕ್ಕ ಇಟ್ಟಿದ್ದು, ಅವರಿಗೇ ಗೊತ್ತು. ಕೇಳಿ ಹೇಳಿ. ಇದೊಂದು ಆದ್ರೆ ಮುಗೀತು. ದಿನ ಆರೇ ಇದೆ ಯಜಮಾನ್ರೇ, ಒಂದನೇ ತಾರೀಕಿನಿಂದ ನನ್ನನ್ನೂ ಬೇರೆ ವಿಭಾಗಕ್ಕೆ ಹಾಕಿದಾರೆ."

ಕಾಗದ ಬರೆದು ಕೇಳುತ್ತೇನೆ ಎಂದೆ.

ಮೇ ೨೬, ಬುಧವಾರ

ಅವಳ ಹೊಲಿಗೆ ಡಬ್ಬಿ, ಕಂಪ್ಯೂಟರಿನ ಪುಸ್ತಕ, ಕ್ಯಾಲೆಂಡರಿನ ಹಿಂಬದಿ, ಎಲ್ಲ ಹುಡುಕಿದೆ. ಎಲ್ಲೂ ಬರೆದಿಟ್ಟಿಲ್ಲ. ಗುಟ್ಟೆಂದರೆ ಗುಟ್ಟೇ ಅವಳಿಗೆ.

ನನ್ನ ಹೆಸರು ಹಾಕಿ ನೋಡಿದೆ. ಅಲ್ಲ ಎಂದಿತು. ಅವಳ ಹೆಸರು, ನಾದಿನಿಯ ಹೆಸರು, ಹುಟ್ಟದೇ ಹೋದ ಮಗುವಿಗೆ ಇಡಬೇಕೆಂದುಕೊಂಡಿದ್ದ ಹೆಸರು. ಅಲ್ಲ, ಅಲ್ಲ, ಅಲ್ಲ.

ಮೇ ೨೭, ಗುರುವಾರ

ಕಾಗದ ತಲುಪಿರಬೇಕಲ್ಲ ಎಂದು ಮೇಡಂ ಕೇಳಿದರು. ನಾಳೆ ಉತ್ತರ ಬರಬಹುದು ಎಂದೆ.

ಮೇ ೨೮, ಶುಕ್ರವಾರ

ಸಂಜೆ ಏಳೂವರೆ. ಇವತ್ತಿನದನ್ನು ಇವತ್ತೇ ಬರೆದುಬಿಡುತ್ತೇನೆ.

ಬೆಳಿಗ್ಗೆ ಹನ್ನೊಂದಕ್ಕೆ ಗಂಟೆ ಹೊಡೆಯಿತು. ಅಂಕಿ ಹೇಳಿದೆ, ಎಂಬತ್ತು. ಅವರು ಬರೆದುಕೊಂಡರು.

"ಉತ್ತರ ಬಂತಾ?"

"ಕಾಗದ ಬರೆದಿಲ್ಲ ಮೇಡಂ."

"ಅಯ್ಯೋ, ಯಾಕೆ? ಸೋಮವಾರ ಕೊನೇ ದಿನ!"

"ಅವಳು ತಂಗಿ ಮನೆಗೆ ಹೋಗಿಲ್ಲ."

"ಮತ್ತೆ? ಮನೇಲೇ ಇದಾರಾ? ನನ್ನ ಹತ್ರ ಮಾತಾಡಲ್ಲ ಅಂದ್ರಾ? ನಾನು ಹೇಳ್ಲಿಲ್ವಾ, ಕೋಪ ಅಂತ..."

"ಮೇಡಂ. ಅವಳು ತೀರ್ಕೊಂಡ್ಲು. ಹೋದ ತಿಂಗಳು ಹನ್ನೊಂದನೇ ತಾರೀಕು."

ಆ ಮಾತನ್ನು ನಾನು ಇದುವರೆಗೆ ಯಾರಿಗೂ ಹೇಳಿರಲಿಲ್ಲ. ಆವತ್ತು ಬಂದವರೆಲ್ಲ ಬೇರೆಯವರ ಬಾಯಿಂದ ಕೇಳಿಯೇ ಬಂದಿದ್ದರು.

ಆ ಕಡೆ ಯಾರೋ ಟೈಪು ಹೊಡೆಯುವ ಸದ್ದು, ಯಾವುದೋ ಬಾಗಿಲಿನ ಸದ್ದು. ಆಮೇಲೆ ಅವರ ದನಿ, ಬಹಳ ಸಣ್ಣದಾಗಿ.

"ಬೆಡ್‌ಶೀಟ್ ಹೊಲೀತಿದಾಳೆ ಅಂದ್ರಿ."

"ಹೂಂ."

"ಹಲ್ಲುನೋವು ಅಂದ್ರಿ. ಲವಂಗ ಇಟ್ಕೊಳ್ಳಕ್ಕೆ ಹೇಳಿ ಅಂದಾಗ 'ಹೇಳ್ತೀನಿ' ಅಂದ್ರಲ್ಲ ಯಜಮಾನ್ರೇ. ಹೇಳ್ತೀನಿ ಅಂದ್ರಲ್ಲ!"

ಫೋನ್ ಇಟ್ಟುಬಿಟ್ಟರು.

ನಾನು ಅಲ್ಲೇ ಕೂತೆ. ಹನ್ನೆರಡಾಯಿತು, ಅಳತೆಗೆ ಇಳಿಯಲಿಲ್ಲ. ಹದಿನೇಳು ವರ್ಷದಲ್ಲಿ ಇದೇ ಮೊದಲು. ಇಳಿದಾಗ ಫೋನ್ ಬಂದರೆ ಎಂದು. ಹನ್ನೆರಡೂ ಇಪ್ಪತ್ತಕ್ಕೆ ಬಂತು. ಅತ್ತು ಮೂಗು ಕಟ್ಟಿದ ದನಿ.

"ಹೇಗಾಯ್ತು?"

"ಎದೆನೋವು. ಮೆಟ್ಟಿಲ ಮೇಲೆ. ಡಾಕ್ಟರು ಬರೋಷ್ಟರಲ್ಲಿ ಇರ್ಲಿಲ್ಲ."

"ನನ್ನ ಮೇಲೆ ಕೋಪ ಇತ್ತಾ ಅಂತ ಕೇಳೋದಕ್ಕೂ ಆಗಲ್ಲ ಈಗ."

"ಇರ್ಲಿಲ್ಲ ಮೇಡಂ. ಆವತ್ತು ನೀವು ಇಡಿ ಅಂದಾಗ ನಾನು ಇಲ್ಲೇ ಇದ್ದೆ. 'ಪಾಪ, ಆ ಹುಡುಗಿ ತಲೆ ಮೇಲೆ ಎಷ್ಟು ಕೆಲಸ ಹೊರಿಸ್ತಾರೋ' ಅಂದ್ಲು. ಇದು ಸುಳ್ಳಲ್ಲ. ನೀವು ನಂಬಬೇಕು ಅಂತಿಲ್ಲ."

ಅವರು ಮೂಗು ಒರೆಸಿಕೊಂಡದ್ದು ಕೇಳಿಸಿತು. ಕಾಗದಗಳನ್ನು ಮಗುಚುವ ಸದ್ದು ಬಂತು.

"ನಿಮಗೊಂದು ವಿಷ್ಯ ಗೊತ್ತಾ?" ಎಂದರು ಆಮೇಲೆ. "ಅಂಕಿ ಕಳಿಸೋವಾಗ ಕೊನೇಲಿ ಒಂದು ಖಾನೆ ಇರುತ್ತೆ, ಷರಾ ಅಂತ. ಪ್ರವಾಹ ಗಿವಾಹ ಬಂದ್ರೆ ಬರೀಲಿ ಅಂತ. ಬೇರೆ ಠಾಣೆಯೋರು ಖಾಲಿ ಬಿಡ್ತಾರೆ. ಅಕ್ಕ ಒಂದಿನಾನೂ ಬಿಟ್ಟಿಲ್ಲ. ಸಾಹೇಬ್ರು ಇದೆಲ್ಲ ಬೇಡ ಅಂತ ಹೇಳಿ ಅಂದ್ರು, ನಾನು ಹೇಳಲೇ ಇಲ್ಲ. ಈಗ ಮುಂದೆ ತೆಗೆದಿಟ್ಕೊಂಡಿದೀನಿ. ಓದ್ಲಾ?"

ಓದಿ ಎಂದೆ. ಅವರು ಓದಿದ ಕೆಲವನ್ನು ನೆನಪಿದ್ದಷ್ಟು ಇಲ್ಲಿ ಬರೆಯುತ್ತೇನೆ.

'ನೀರು ತಿಳಿ. ಮೇಲಿನಿಂದಲೇ ತಳದ ಕಲ್ಲು ಎಣಿಸಬಹುದು.'

'ಯಜಮಾನರಿಗೆ ಮಂಡಿನೋವು. ಆದರೂ ಅಳತೆ ಸರಿಯಾದದ್ದೇ, ನಾನು ಹಿಂದೆ ಹೋಗಿ ನೋಡಿದ್ದೇನೆ.'

'ಎದುರು ದಡದಲ್ಲಿ ಮೂರು ದಿನದಿಂದ ಒಂದೇ ಕೊಕ್ಕರೆ ಒಂದೇ ಜಾಗದಲ್ಲಿದೆ. ಯಜಮಾನರಿಗೆ ತೋರಿಸಿದೆ. ಹೂಂ ಎಂದರು. ನೋಡಲಿಲ್ಲ.'

ಆ ಕೊಕ್ಕರೆ ನನಗೆ ನೆನಪಿಲ್ಲ. ಎಷ್ಟು ಯೋಚಿಸಿದರೂ ನೆನಪಿಲ್ಲ.

ಕೊನೆಯದು ಏಪ್ರಿಲ್ ಹತ್ತರದ್ದು. 'ಇವತ್ತು ವಿಶೇಷವೇನೂ ಇಲ್ಲ. ನಾಳೆ ಮೆಟ್ಟಿಲು ಗುಡಿಸಬೇಕು.'

ಗುಡಿಸಿದಳು. ಮೇಲಿನಿಂದ ಇಪ್ಪತ್ತನೆಯ ಮೆಟ್ಟಿಲಿನವರೆಗೆ.

ಗುಟ್ಟಿನ ಪದಕ್ಕೆ ಏನು ಮಾಡುವುದೆಂದು ಕೇಳಿದೆ. ಅಳಿಸಿ ಹೊಸದು ಹಾಕಲು ಅವರ ಕಡೆಯಿಂದ ಆಗುತ್ತದಂತೆ, ಇಟ್ಟವರು ಇಲ್ಲವೆಂದು ಒಂದು ಫಾರಂ ಬರೆದರಾಯಿತು.

"ಅವಳು ಇಟ್ಟಿದ್ದು ಏನು ಅಂತ ನಿಮಗೆ ಕಾಣುತ್ತಾ?"

"ಇಲ್ಲ ಯಜಮಾನ್ರೇ. ಬರೀ ಚುಕ್ಕಿ ಕಾಣುತ್ತೆ."

"ಎಷ್ಟು ಚುಕ್ಕಿ?"

"ಏಳು."

ಆಮೇಲೆ ಒಂದು ಗಂಟೆಗೆ ಇಳಿದು ಮಧ್ಯಾಹ್ನದ ಅಳತೆ ತೆಗೆದೆ. ಪುಸ್ತಕದಲ್ಲಿ ಹೊತ್ತು ಸರಿಯಾಗಿಯೇ ಬರೆದೆ, ತಡವಾಯಿತು ಎಂದು. ಸಂಜೆಯೆಲ್ಲ ಬೆರಳು ಮಡಿಸಿ ಏಳಕ್ಷರದ ಮಾತುಗಳನ್ನು ಎಣಿಸುತ್ತಿದ್ದೆ. ಎಷ್ಟೊಂದು ಇವೆ.

ನಾಳೆ ಮೇಡಂ ಹಳೆಯದನ್ನು ಅಳಿಸುತ್ತಾರೆ.

ಮೇ ೩೦, ಭಾನುವಾರ

ಎಂಬತ್ತೆಂಟು. ಏರುತ್ತಿದೆ. ನಾದಿನಿಗೆ ಫೋನ್ ಮಾಡಿ, ಅವಳ ಪಕ್ಕದ ಅಂಗಡಿಯವರ ಹತ್ತಿರ ಕರೆಸಿ, ಮೇಡಂಗೆ ನಿಜ ಹೇಳಿದೆನೆಂದು ತಿಳಿಸಿದೆ. ಮುಂದಿನ ವಾರ ಬಂದು ಬಟ್ಟೆ ತೆಗೆದುಕೊಂಡು ಹೋಗುತ್ತಾಳಂತೆ. "ಊಟ ಮಾಡಿದ್ರಾ ಭಾವ?" ಎಂದು ಕೇಳಿದಳು. ಮಾಡಿದ್ದೆ.

ಮೇ ೩೧, ಸೋಮವಾರ

ಸಂಜೆ ಏಳೂಕಾಲು. ಬೆಳಿಗ್ಗೆ ತೊಂಬತ್ತೆರಡು, ಮಧ್ಯಾಹ್ನ ತೊಂಬತ್ತಮೂರು, ಸಂಜೆ ತೊಂಬತ್ತೇಳು.

ಆರೂವರೆಗೆ ಮೇಜಿನ ಮುಂದೆ ಕೂತೆ. ಟಕಟಕ, ಗಂಟೆ, ಕಿರುಚಾಟ. ದೀಪ ಹತ್ತಿತು. ಹೆಸರು ಹಾಕಿದೆ, ಹೊಸ ಪದ ಹಾಕಿದೆ. ಒಳಗೆ ಬಿಟ್ಟಿತು. ಮೂರು ಅಂಕಿಗಳನ್ನು ಎರಡೆರಡು ಸಲ ನೋಡಿ ತುಂಬಿದೆ. ಕೊನೆಗೆ ಷರಾ ಎಂಬ ಖಾನೆ. ಅದರೊಳಗೆ ಸಣ್ಣ ಗೆರೆಯೊಂದು ಹತ್ತಿ ಆರಿ ಮಾಡುತ್ತಿತ್ತು. ಏನು ಬರೆಯಬೇಕೋ ತಿಳಿಯಲಿಲ್ಲ. ಎದ್ದು ಹೊರಗೆ ಹೋಗಿ ಮೆಟ್ಟಿಲ ತುದಿಯಲ್ಲಿ ನಿಂತು ನೋಡಿ ಬಂದೆ.

'ನೀರು ಕದಡಿದೆ. ಮೇಲೆಲ್ಲೋ ಮಳೆಯಾಗಿರಬೇಕು. ಎದುರು ದಡದಲ್ಲಿ ಯಾವ ಹಕ್ಕಿಯೂ ಇಲ್ಲ' ಎಂದು ಬರೆದು ಒತ್ತಿದೆ. ಹೋಯಿತು. ದೀಪ ಆರಿತು.

ಎರಡು ನಿಮಿಷಕ್ಕೆ ಫೋನ್ ಬಂತು. ಮೇಡಂ ಮನೆಗೆ ಹೋಗದೆ ಕಾದಿದ್ದರು.

"ಬಂತು. ಮೂರೂ ಬಂತು. ಷರಾನೂ ಬಂತು. ನಿಮ್ಮ ಠಾಣೆ ಉಳೀತು ಯಜಮಾನ್ರೇ."

"ನೀವು ನಾಳೆಯಿಂದ..."

"ಮೂರನೇ ಮಹಡಿ. ಅಲ್ಲಿ ಬರೀ ಕಡತ. ಇಲ್ಲಿಗೆ ಹೊಸಬರು ಬರ್ತಾರೆ. ಅವರು ಷರಾ ಓದ್ತಾರೆ ಅಂತ ಅಂದ್ಕೋಬೇಡಿ ಮತ್ತೆ."

"ಓದೋರಿಲ್ಲ ಅಂದ್ರೆ ಬರೀಬೇಕಾ ಮೇಡಂ?"

"ಖಾನೆ ಇದೆಯಲ್ಲ," ಎಂದರು. ಆಮೇಲೆ, "ಮಧ್ಯದಲ್ಲಿ ಫೋನ್ ಎತ್ತಿ ಹಲೋ ಅನ್ನಬೇಡಿ, ಅಷ್ಟೇ," ಎಂದು ಇಟ್ಟರು.

ನೀರು ಹೀಗೇ ಏರಿದರೆ ಅಳತೆಗೋಲಿನ ಮೇಲಿನ ಅಂಕಿಗಳೂ ಮುಳುಗುತ್ತವೆ. ಬಣ್ಣ ಎದ್ದುಹೋಗಿರುವ ಮೂರು ಅಂಕಿಗಳಿಗೆ ಅದಕ್ಕೆ ಮೊದಲೇ ಬಣ್ಣ ಹಚ್ಚಬೇಕು. ಅದಕ್ಕೆ ನಾಳೆ ಎಂಟು ಗಂಟೆಗೆ ದೋಣಿಯವನು ದೋಣಿ ತರುತ್ತಾನೆ.